ಮಿರ್ಚಿ ಪಾರ್ಟಿಯ ಆರೋಗ್ಯ ಮಂತ್ರಿ

"ಬೀಗ ತೆಗಿಲೇ ಅನುಷಾ! ಬಾಳ ಅರ್ಜೆಂಟ್ ಐತಿ!"

ಉಚ್ಚಂಗೆಮ್ಮ ಖಾಲಿ ಬಕೆಟ್ ಹಿಡಿದು ಒಂದೇ ಸಮನೆ ಕೂಗುತ್ತಿದ್ದಳು. ಹುಡುಗಿಯರ ಶೌಚಾಲಯದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ಅನುಷಾ ಕೊರಳಲ್ಲಿದ್ದ ಕೀಲಿಕೈ ಮುಟ್ಟಿ ನೋಡಿಕೊಂಡಳು.

"ನೀನು ವೋಟು ಹಾಕಿದ್ದು ಯಾರಿಗೆ?"

"ಬುಗುರಿಗೆ."

"ಹಂಗಾದ್ರ ಕಾಯಿ. ಮೊದ್ಲು ನಮ್ಮ ಮಂದಿ, ಆಮ್ಯಾಲೆ ನಿಮ್ಮ ಮಂದಿ. ಆರ್ಡರ್ ಆಗೈತಿ."

ಹೋದ ವಾರದವರೆಗೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದ ಗೆಳತಿಯರು ಇವರು! ಕುರುಗೋಡಿನ ಆ ಶಾಲೆಯಲ್ಲಿ ಶಾಲಾ ಸಂಸತ್ತಿನ ಚುನಾವಣೆ ಆದದ್ದೇ ಆದದ್ದು, ಎಲ್ಲ ಎಕ್ಕುಟ್ಟಿಹೋಯಿತು. ಮಿರ್ಚಿ ಗುರುತಿನವರು ಗೆದ್ದರು, ಬುಗುರಿ ಗುರುತಿನವರು ಸೋತರು. ತಿಪ್ಪೇಸ್ವಾಮಿ ಮಾಸ್ತರು, "ಇನ್ನ ಸರ್ಕಾರ ನಿಮ್ದು, ನೀವ ನಡೆಸ್ರಿ" ಎಂದು ಆರೋಗ್ಯ ಮಂತ್ರಿ ಅನುಷಾಳಿಗೆ ಕೀಲಿಕೈ ಕೊಟ್ಟರು. ಹೊರಗಿನವರು ಬಂದು ಹೊಲಸು ಮಾಡಬಾರದೆಂದು ಹಾಕಿದ್ದ ಬೀಗ ಅದು.

ಆರ್ಡರ್ ಹೊರಡಿಸಿದವನು ಪ್ರಧಾನಮಂತ್ರಿ ಪ್ರಭುಲಿಂಗ. ಹುಡುಗಿಯರ ಶೌಚಾಲಯ ಒಳಗೆ ಹೇಗಿದೆ ಎಂದು ಆ ಮಹಾರಾಯನಿಗೆ ಗೊತ್ತೇ ಇಲ್ಲ. ಆದರೂ ಆರ್ಡರ್ ಅಂದರೆ ಆರ್ಡರ್!

ಬುಗುರಿಯವರೇನು ಕಡಿಮೆಯೇ? "ನಿಮ್ಮ ಸರ್ಕಾರಾನ ನಾವು ಒಪ್ಪಂಗಿಲ್ಲ" ಎಂದು, ಇದ್ದ ಒಂದೇ ಬಕೆಟ್ ಎತ್ತಿಕೊಂಡು ಹೋದರು. ಬೀಗ ಸರ್ಕಾರದ್ದು, ಬಕೆಟ್ ವಿರೋಧ ಪಕ್ಷದ್ದು. ಒಬ್ಬರಿಗೆ ಬಾಗಿಲಿದ್ದರೆ ನೀರಿಲ್ಲ, ಇನ್ನೊಬ್ಬರಿಗೆ ನೀರಿದ್ದರೆ ಬಾಗಿಲಿಲ್ಲ. ಎರಡೂ ಕಡೆಯವರು ಹೊಟ್ಟೆ ಹಿಡಿದುಕೊಂಡೇ ಜಿಂದಾಬಾದ್ ಕೂಗುತ್ತಿದ್ದರು.

ಅನುಷಾಳಿಗೂ ಬೆಳಿಗ್ಗೆಯಿಂದ ತಡೆಯಲಾಗುತ್ತಿರಲಿಲ್ಲ. ಆದರೆ ಹೇಳುವುದು ಹೇಗೆ? ಮಂತ್ರಿ ಅಲ್ಲವೇ!

ಅಷ್ಟರಲ್ಲಿ ಒಂದನೇ ಕ್ಲಾಸಿನ ಸುಂಕಮ್ಮ ಓಡೋಡಿ ಬಂದಳು. ಕಾಲು ಹೆಣೆದುಕೊಂಡು ಕುಣಿಯತೊಡಗಿದಳು.

"ಅಕ್ಕಾ, ಬಾಗ್ಲಾ ತೆಗಿ!"

"ನಿಂದು ಯಾವ ಪಾರ್ಟಿ?"

"ಒಂದನೇ ಕ್ಲಾಸ್."

"ಅದಲ್ಲವ್ವಾ, ವೋಟು ಯಾರಿಗೆ ಹಾಕಿದಿ?"

"ನಮಗ ವೋಟು ಕೊಟ್ಟೇ ಇಲ್ಲಕ್ಕಾ..."

ಹೌದಲ್ಲ! ಸಣ್ಣ ಕ್ಲಾಸಿನವರಿಗೆ ವೋಟೇ ಇರಲಿಲ್ಲ. ಅಂಥವರನ್ನು ಏನು ಮಾಡಬೇಕೆಂದು ಆರ್ಡರಿನಲ್ಲಿ ಹೇಳಿರಲಿಲ್ಲ. ಪ್ರಭುಲಿಂಗನನ್ನು ಕೇಳಿ ಬರಲೇ ಎಂದು ಅನುಷಾ ಯೋಚಿಸುತ್ತ ನಿಂತಳು.

ಸುಂಕಮ್ಮನ ಕುಣಿತ ನಿಂತಿತು. ಲಂಗ ಒದ್ದೆಯಾಯಿತು. ಪಾಪದ್ದು, ಜೋರಾಗಿ ಅಳಲೂ ನಾಚಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿತು.

ಅನುಷಾ ಕೊರಳಿನ ಕೀಲಿಕೈ ಎಳೆದು ತೆಗೆದಳು. ಅವಸರದಲ್ಲಿ ಕೀಲಿ ಬೇಗ ಹತ್ತಲೇ ಇಲ್ಲ. ಅಂತೂ ಬಾಗಿಲು ತೆಗೆದು ತಿರುಗಿ ನೋಡಿದರೆ, ಉಚ್ಚಂಗೆಮ್ಮ ಆಗಲೇ ನಲ್ಲಿಗೆ ಓಡಿ ಬಕೆಟ್ ತುಂಬಿಸಿ ತಂದಿದ್ದಳು. ಇಬ್ಬರೂ ಸೇರಿ ಹುಡುಗಿಯನ್ನು ಒಳಗೆ ಕರೆದೊಯ್ದರು.

ಹೊರಗಿನಿಂದ ಪ್ರಭುಲಿಂಗನ ದನಿ ಕೇಳಿತು. "ಏ ಆರೋಗ್ಯ ಮಂತ್ರಿ! ಯಾರನ್ನ ಕೇಳಿ ತೆಗದಿ?"

ಅನುಷಾ ಒಳಗಿನಿಂದ ಚಿಲಕ ಹಾಕಿದಳು.

ಸುಂಕಮ್ಮ ಮೂಗು ಒರೆಸಿಕೊಂಡಳು. "ಅಕ್ಕಾ, ಮಂತ್ರಿ ಅಂದ್ರ ಏನ್ ಮಾಡೋರು?"

ಪ್ರಮಾಣವಚನದ ದಿನ ಅನುಷಾ ಅದನ್ನೇ ಮೈಕಿನಲ್ಲಿ ಗಂಟಲು ಹರಿಯುವಂತೆ ಹೇಳಿದ್ದಳು. ಈಗ ಬಕೆಟ್ ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಂದು ಕಾಲು ಮುಂದ ಇಡವ್ವಾ," ಎಂದು ಮೆಲ್ಲಗೆ ನೀರು ಹಾಕಿದಳು.