ಮಾವನ ಕಾರಿಗೆ ಅಳಿಯನ ಇಂಜಿನ್

ಇದು ನಡೆದ ಕತೆ. ಕಾರು ಮಾತ್ರ ನಡೆಯುತ್ತಿರಲಿಲ್ಲ.

ಮಾವನ ಆ ಹಳೇ ಕಾರನ್ನು ಮೆಕ್ಯಾನಿಕ್ ಅಳಿಯ ಮದುವೆಯಾದಂದಿನಿಂದ ತನ್ನ ಗ್ಯಾರೇಜಿನಲ್ಲಿ ಪುಕ್ಕಟೆಯಾಗಿ ಸಾಕಿದ್ದ. ಅದರ ಕೆಮ್ಮು, ಬಿಕ್ಕಳಿಕೆ, ಬೆಳಗಿನ ಮುನಿಸು ಅವನಿಗೆ ಹೆಂಡತಿಯದಕ್ಕಿಂತ ಚೆನ್ನಾಗಿ ಗೊತ್ತು. ಇವತ್ತಲ್ಲ ನಾಳೆ ಕೀಲಿ ತನ್ನ ಕೈಗೇ ಬರುತ್ತದೆಂದು ನಂಬಿಕೊಂಡಿದ್ದ. ಮಾವ ಅದನ್ನು ಕಿರಿಮಗಳಿಗೆ ಕೊಟ್ಟುಬಿಟ್ಟರು. ದೂರದ ಆಸ್ಪತ್ರೆಯಲ್ಲಿ ಅವಳಿಗೆ ನರ್ಸ್ ಕೆಲಸ ಸಿಕ್ಕಿತ್ತು. ಬಸ್ಸು ಹೋಗದ ದಾರಿ, ಗಾಡಿ ಓಡಿಸಲು ಬಂದರಷ್ಟೇ ಕೆಲಸ. ನಾದಿನಿ ಕಲಿಯಲು ಶುರುಮಾಡಿದ ಹೊಸತರಲ್ಲೇ, ಬಿಸಿ ತೋರಿಸುವ ಮುಳ್ಳು ಕೆಂಪಿಗೇರಿದ್ದನ್ನು ನೋಡದೆ ಓಡಿಸಿ ಇಂಜಿನ್ ಸುಟ್ಟಳು. ಮಾವ ಚಳಿಗೆ ಸ್ಟಾರ್ಟ್ ಆಗದ ಲಾರಿಯ ಹಾಗೆ ಗಂಟಲಲ್ಲೇ ಗುರುಗುಟ್ಟಿ ತೀರ್ಪು ಕೊಟ್ಟರು:

"ಬೇರೆ ಇಂಜಿನ್ ಹಾಕಿಸ್ತೀನಿ. ಅದನ್ನೂ ಕೆಡಿಸಿದ್ರೆ ಕೀಲಿ ಅಳಿಯಂದ್ರಿಗೆ."

ಆ ಮಾತಿಗೆ ಅಳಿಯನ ತಲೆ ಮೊದಲ ತಿರುವಿಗೇ ಸ್ಟಾರ್ಟ್ ಆಯಿತು.

ಗುಜರಿಯಿಂದ ಅವನು ಎರಡು ಇಂಜಿನ್ ತಂದ. ಒಳ್ಳೆಯದನ್ನು ಟಾರ್ಪಾಲಿನಡಿ ಮಲಗಿಸಿದ. ಅದು ಮುಂದೆ ಕಾರು ತನ್ನದಾದಾಗ ಹಾಕಿಕೊಳ್ಳಲು. ಇನ್ನೊಂದರ ಒಳಗೆ ಬೇರಿಂಗ್ ಸವೆದು ಹೋಗಿತ್ತು. ಅದನ್ನು ತಿಕ್ಕಿ ತೊಳೆದು, ಬಣ್ಣ ಬಳಿದು, ಕಾರಿಗೆ ಕೂರಿಸಿ, ದಪ್ಪನೆಯ ಆಯಿಲ್ ಸುರಿದ. ಕಟಕಟ ಹಲ್ಲು ಕಡಿಯುತ್ತಿದ್ದದ್ದು ಹಾಲು ಕುಡಿದ ಬೆಕ್ಕಿನಂತೆ ಗುರ್ರ್ ಎಂದಿತು. ನಾಲ್ಕನೇ ಗೇರಿನಲ್ಲಿ ಒಂದಿಷ್ಟು ದೂರ ಜೋರಾಗಿ ಓಡಿದರೆ ಒಳಗೇ ಮುರಿದುಕೊಂಡು ನಿಲ್ಲುತ್ತದೆ. ಅವಳು ಲೈಸೆನ್ಸಿಗೆ ಟೆಸ್ಟ್ ಕೊಡುವ ಮೈದಾನವಿದ್ದದ್ದು ಹೆದ್ದಾರಿಯ ಆಚೆ ತುದಿಯಲ್ಲಿ. ಕಲಿಯುವವರ ಕೈಯಲ್ಲಿ ಕೆಟ್ಟ ಗಾಡಿಗೆ ಮೆಕ್ಯಾನಿಕ್ಕನ್ನು ಯಾರೂ ಬೈಯುವುದಿಲ್ಲ, ಅದರಲ್ಲೂ ಮೊದಲೇ ಒಂದನ್ನು ಸುಟ್ಟು ಹೆಸರು ಮಾಡಿದವಳಿದ್ದಾಗ. ಅವಳ ಕೆಲಸ ಹೋಗುತ್ತದಲ್ಲ ಎಂದು ಒಂದು ಕ್ಷಣ ಮನಸ್ಸು ಕಟಕಟ ಅಂದಿತು. ಅದರ ಮೇಲೂ ಒಂದಿಷ್ಟು ದಪ್ಪ ಆಯಿಲ್ ಸುರಿದ.

ಸಾಕ್ಷಿ ಬೇಕಲ್ಲ? ಮಗಳು ಪಾಸಾಗುವುದನ್ನು ಕಣ್ಣಾರೆ ನೋಡಬೇಡವೇ ಎಂದು ಮಾವನನ್ನೇ ಒತ್ತಾಯ ಮಾಡಿ ಹಿಂದಿನ ಸೀಟಿನಲ್ಲಿ ಕೂರಿಸಿದ. ಕಲಿಯುವವರ ಪಕ್ಕ ಲೈಸೆನ್ಸ್ ಇದ್ದವರು ಇರಬೇಕೆಂದು ತಾನು ಅವಳ ಪಕ್ಕ ಕೂತ.

ಹೆದ್ದಾರಿಗೆ ಬಂದಮೇಲೆ ಕಿವಿಯನ್ನೆಲ್ಲ ಬಾನೆಟ್ಟಿನೊಳಗೆ ಇಟ್ಟ. ಗುರ್ರ್. ಹಿಂದಿನ ಲಾರಿಗಳು ಹಾರ್ನಿನಲ್ಲೇ ವಂಶವನ್ನೆಲ್ಲ ಜಾಲಾಡಿ ಮುಂದೆ ಹೋದವು. ಒಂದು ಸೈಕಲ್ಲೂ ಮುಂದೆ ಹೋಯಿತು. ಇನ್ನೊಂಚೂರು ಒತ್ತಮ್ಮ, ಹೊತ್ತಾಯ್ತು ಎಂದು ಅವನು ಗೋಗರೆದ. ಅವಳ ಕಣ್ಣು ಆ ಬಿಸಿಯ ಮುಳ್ಳಿನ ಮೇಲೆಯೇ ಇತ್ತು.

"ಬೇಡ ಭಾವ. ಹೊತ್ತಾದ್ರೆ ಆಗ್ಲಿ, ಹೊತ್ತಿಕೊಳ್ಳೋದು ಬೇಡ."

ಹಾಗೆಯೇ ಮೈದಾನ ತಲುಪಿದಳು. ಅಂಬೆಗಾಲಿನಲ್ಲೇ ಎಂಟು ಬರೆದು ಪಾಸೂ ಆದಳು.

ವಾಪಸು ಹೊರಡುವಾಗ ಮಾವ ಮತ್ತೆ ಗುರುಗುಟ್ಟಿದರು. "ಇವಳ ಜೊತೆ ಬಂದು ನನಗೆ ಇನ್ನಷ್ಟು ವಯಸ್ಸಾಯ್ತು. ಗಾಡಿ ನೀವೇ ಬಿಡಿ, ಅಳಿಯಂದ್ರೇ." ಅಳಿಯ ಸೊಂಟ ನೋವೆಂದ. ಕಣ್ಣು ಮಂಜೆಂದ. ಲೈಸೆನ್ಸ್ ಬಂದವಳೇ ಓಡಿಸಲಿ, ಅಭ್ಯಾಸವಾಗುತ್ತದೆ ಎಂದ. ನಾದಿನಿ ಆಗಲೇ ಇಳಿದು ಬಾಗಿಲು ತೆರೆದು ಹಿಡಿದಿದ್ದಳು. ಕೂತ. ಒಂದನೇ ಗೇರು, ಎರಡನೇದು, ಗೇರನ್ನು ಅಲ್ಲಿಗೇ ನಿಲ್ಲಿಸಿದ. ಅವಳಿಗಾದರೆ ಹೆದರಿಕೆ, ನಿಮಗೇನು ಬಂತು ಎಂದು ಮಾವ ಬೆನ್ನ ಹಿಂದಿನಿಂದ ಕೇಳಿದರು. ಮೂರನೇದು. ಮೆಕ್ಯಾನಿಕ್ ಅಂತ ಬೋರ್ಡು ಬೇರೆ, ಎಂದರು. ಕೈ ತಾನಾಗಿಯೇ ಗೇರನ್ನು ಎಳೆದು ನಾಲ್ಕನೇದಕ್ಕೆ ಹಾಕಿತು.

ಕಟಕಟ, ಕಟ್, ಢಂ. ಬಾನೆಟ್ಟಿನಡಿಯಿಂದ ಹೊಗೆ ಎದ್ದು, ಕಾರು ರಸ್ತೆಯಂಚಿಗೆ ತೆವಳಿ ನಿಂತಿತು. ಬೇರಿಂಗು, ಆಯಿಲ್ಲು, ಸಾಕ್ಷಿ, ದಾರಿ, ಎಲ್ಲವನ್ನೂ ಅಳೆದು ಲೆಕ್ಕ ಹಾಕಿದ್ದವನಿಗೆ ಈಗ ಹೊಳೆಯಿತು: ಒಮ್ಮೆ ಇಂಜಿನ್ ಸುಟ್ಟು ಕಲಿಯುತ್ತಿರುವವಳು ಎರಡನೇ ಗೇರು ದಾಟುವುದೇ ಇಲ್ಲ. ಅವನ ಲೆಕ್ಕದ ವೇಗಕ್ಕೆ ಹೋಗಬಲ್ಲ ಕಾಲು ಆ ಕಾರಿನಲ್ಲಿ ಅವನದೊಂದೇ. ಹಿಂದಿನ ಸೀಟಿನಲ್ಲಿ ಸಾಕ್ಷಿ ಗಂಟಲು ಸರಿಮಾಡಿಕೊಂಡಿತು. ಆದರೆ ಅದಕ್ಕೂ ಮೊದಲು ನಾದಿನಿ ಬಾಯಿ ತೆರೆದಿದ್ದಳು. "ಅಬ್ಬ, ಭಾವ. ಇಂಜಿನ್ ಸುಟ್ಟಿದ್ದು ಮನೇಲಿ ನಾನೊಬ್ಬಳೇ ಅಲ್ಲ ಅಂತಾಯ್ತು," ಎಂದವಳು, ಹೊಟ್ಟೆ ಹಿಡಿದುಕೊಂಡು, ಮುಂದೆ ಹೋಗುತ್ತಿದ್ದ ಲಾರಿಯವನೂ ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು.