ಗೂಡ್ಸ್ ಡಬ್ಬಿಯ ಬಾಗಿಲು

ಗೂಡ್ಸ್ ಡಬ್ಬಿಯ ಬಾಗಿಲು ಸರಿದಾಗ ನರ್ಸ್ ಅಂಚಿನಲ್ಲೇ ಬಿದ್ದಿದ್ದಳು. ಉಗುರುಗಳು ಕಿತ್ತುಹೋಗಿದ್ದವು. ಪಕ್ಕದಲ್ಲಿದ್ದ ಚೀಲದಲ್ಲಿ ಅವಳ ಫೋನ್ ಇತ್ತು. ರೈಲು ನಿಂತು ವರ್ಷಗಳೇ ಕಳೆದಿದ್ದ ಆ ಹಳ್ಳಿ ನಿಲ್ದಾಣದಲ್ಲಿ, ಹಿಂದಿನ ದಿನದ ಬಿಸಿಲಿಗೆ ಕಾದ ಕಬ್ಬಿಣ ಅವಳ ಜೀವ ತೆಗೆದಿತ್ತು.

ಬಾಗಿಲು ತೆಗೆದವನು ಅವಳ ಭಾವ. ಬೆಳಿಗ್ಗೆ ಒಬ್ಬನೇ ಹುಡುಕಿಕೊಂಡು ಬಂದಿದ್ದನಂತೆ. ಸುದ್ದಿ ತಿಳಿದು ಓಡಿಬಂದ ಅವನ ಹೆಂಡತಿ, ಸತ್ತವಳ ಒಡಹುಟ್ಟಿದ ಅಕ್ಕ, ಪ್ಲಾಟ್‌ಫಾರಂ ಮೇಲೆ ಕಲ್ಲಾಗಿ ಕೂತಿದ್ದಳು.

"ಜಿಯೋಕ್ಯಾಶಿಂಗ್ ಅಂತ ಆಟ, ಮೇಡಂ," ಭಾವ ಇನ್ಸ್‌ಪೆಕ್ಟರಮ್ಮನಿಗೆ ಹೇಳಿದ. "ಯಾರೋ ಪೆಟ್ಟಿಗೆ ಬಚ್ಚಿಡ್ತಾರೆ. ಇವರು ಫೋನಲ್ಲಿ ಜಾಗ ನೋಡ್ಕೊಂಡು ಹುಡುಕ್ತಾರೆ. ಈ ಹುಚ್ಚು ಬೇಡ ಅಂತ ಬಡ್ಕೊಂಡೆ. ಗಾಳಿಗೆ ಬಾಗಿಲು ಮುಚ್ಕೊಂಡಿರಬೇಕು."

ಪೆಟ್ಟಿಗೆ ಇಟ್ಟವನು ಡ್ರಾಯಿಂಗ್ ಮೇಷ್ಟ್ರು. ಅವನಿಗೂ ನರ್ಸ್‌ಗೂ ಎಣ್ಣೆ ಸೀಗೆಕಾಯಿ.

"ಜಗಳ ಆಡಿದ್ದು ನಿಜ," ಮೇಷ್ಟ್ರು ಬೆವರೊರೆಸಿಕೊಂಡ. "ಆದ್ರೆ ಪೆಟ್ಟಿಗೆ ಇಟ್ಟಿದ್ದು ಸಿಗ್ನಲ್ ಕಂಬದ ಬುಡದಲ್ಲಿ. ಡಬ್ಬಿಯೊಳಗೆ ಯಾಕೆ ಹೋದ್ಲೋ! ನಿನ್ನೆ ಸಂಜೆ ನಮ್ಮ ಗುಂಪಿಗೆ ಮೆಸೇಜೂ ಹಾಕಿದ್ಲು, 'ಸಿಕ್ತು, ಮನೆಗೆ ಹೊರಟೆ' ಅಂತ."

ಕುರಿ ಮೇಯಿಸುವವನು ತಲೆ ತಗ್ಗಿಸಿದ. "ನಿನ್ನೆ ಮಧ್ಯಾಹ್ನವೇ ಒಳಗಿಂದ ದಬದಬ ಸದ್ದು ಬರ್ತಿತ್ತಮ್ಮ. ತಗಡು ಹೊಡ್ಕೊಳ್ತಿದೆ ಅಂದ್ಕೊಂಡೆ."

\* \* \*

ಗಾಳಿಗೆ ಮುಚ್ಚುವ ಬಾಗಿಲೇ ಅದು? ಇನ್ಸ್‌ಪೆಕ್ಟರಮ್ಮ ಭಾವನನ್ನು ಕರೆದುಕೊಂಡು ಒಳಹೊಕ್ಕಳು. ಕಾನ್‌ಸ್ಟೇಬಲ್ ಹೊರಗಿನಿಂದ ಮೈಭಾರವೆಲ್ಲ ಹಾಕಿ ತಳ್ಳಿದ. ಚಿಲಕ ಧಡ್ ಎಂದು ಬಿತ್ತು.

"ಸಾಕು, ತೆಗೀರಿ."

"ಬರ್ತಾ ಇಲ್ಲ ಮೇಡಂ! ಬಗ್ಗಿ ಕಚ್ಕೊಂಡಿದೆ! ಹಾರೆ ತರ್ತೀನಿ!"

ಕತ್ತಲು. ಗಂಟಲಿಗೆ ತುಕ್ಕಿನ ವಾಸನೆ. ಬೆನ್ನಿಗೆ ತಗುಲಿದ ಗೋಡೆ ಚುರ್ ಎಂದಿತು. ಅವಳ ಕೈ ತಾನಾಗಿ ಫೋನಿಗೆ ಹೋಯಿತು. ಸಿಗ್ನಲ್ ಇಲ್ಲ. ಮೂಲೆ ಮೂಲೆಗೂ ಹಿಡಿದು ನೋಡಿದಳು. ಎಲ್ಲೂ ಇಲ್ಲ.

ತಟ್ಟನೆ ಎಲ್ಲ ಹೊಳೆಯಿತು. ಕೊಲೆಗಾರನ ಜೊತೆ ತಾನೂ ಒಳಗೇ ಸಿಕ್ಕಿಬಿದ್ದಿದ್ದಳು. ಕೈ ಪಿಸ್ತೂಲಿನ ಮೇಲಿಟ್ಟಳು.

"ಮಧ್ಯಾಹ್ನದಿಂದ ಇಲ್ಲಿ ಬಡ್ಕೋತಿದ್ದವಳು ಸಂಜೆ ಮೆಸೇಜ್ ಹೇಗೆ ಕಳಿಸಿದ್ಲು? ಇದರೊಳಗೆ ಸಿಗ್ನಲ್ಲೇ ಇಲ್ಲ. ಅಂದ್ರೆ ಫೋನ್ ಹೊರಗಿತ್ತು. ಬೆಳಿಗ್ಗೆ ನೋಡಿದ್ರೆ ಅವಳ ಪಕ್ಕದ ಚೀಲದಲ್ಲಿತ್ತು. ನಮಗಿಂತ ಮೊದಲು ಬಾಗಿಲು ತೆಗೆದವರು ನೀವೊಬ್ಬರೇ."

ಅವನು ಕುಸಿದು ಕೂತ.

"ನನ್ನ ಕಾರಿಗೆ ಸಿಕ್ಕಿ ಒಬ್ಬ ಸೈಕಲ್‌ನವನು ಸತ್ತ. ಅವಳು ಪಕ್ಕದ ಸೀಟಲ್ಲಿದ್ಲು. ನೀವೇ ಒಪ್ಕೊಳ್ಳಿ ಭಾವ, ಇಲ್ಲಾಂದ್ರೆ ನಾನೇ ಹೇಳ್ತೀನಿ ಅಂದ್ಲು. ನಿನ್ನೆ ನಾನೇ ಇಲ್ಲಿಗೆ ಕರ್ಕೊಂಡು ಬಂದೆ. ಚೀಲ, ಫೋನ್ ನನ್ನ ಕೈಗೆ ಕೊಟ್ಲು. ಒಳಗೇನೋ ಪೆಟ್ಟಿಗೆ ಕಾಣ್ತಿದೆ ಅಂದೆ. ನಂಬಿ ಹತ್ತಿದ್ಲು."

"ಮೆಸೇಜ್?"

"ಯಾರೂ ಇಲ್ಲಿಗೆ ಹುಡುಕ್ಕೊಂಡು ಬರಬಾರದು ಅಂತ."

ಹಾರೆ ಬಡಿಯಿತು. ಬಾಗಿಲು ಕಿರುಗುಟ್ಟಿ ಸರಿಯಿತು. ಬೆಳಕಿಗೆ ಅಡ್ಡವಾಗಿ ಅಕ್ಕ ನಿಂತಿದ್ದಳು. ಬಾಗಿಲ ಸಂದಿಯಿಂದ ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು.

"ಅವಳು ಕೂಗ್ತಿದ್ದಾಗ ನೀವು ಇಲ್ಲೇ ನಿಂತಿದ್ರಾ?"

"ಸ್ವಲ್ಪ ಹೊತ್ತು."

"ಯಾರನ್ನ ಕೂಗಿದ್ಲು?"

ಅವನು ತಲೆ ಎತ್ತಲಿಲ್ಲ. "ನಿನ್ನನ್ನೇ."