ಬಿಬಿಜಮಾಲಳ ಗುರುತಿನ ಹಸು

"ಆ ಕಿವಿಗೆ ಸೂಜಿ ಹಾಕಬೇಡ ಮಗಳೇ. ಔಷಧಿ ಬೇಕಾದ್ರೆ ಕೊಡು, ರಕ್ತ ಮಾತ್ರ ತೆಗೀಬೇಡ."

ತಾಜಗುಲ್ ಅಜ್ಜಿ ಕೊಟ್ಟಿಗೆಯ ಹೊಸ್ತಿಲಾಚೆಯೇ ನಿಂತಿದ್ದಳು. ಪಶುವೈದ್ಯೆ ಸರ್ಬಿನಾಜ್ ತಿರುಗಿ ನೋಡಲಿಲ್ಲ. ಹಸುವಿನ ಬಲಗಿವಿಯ ಅಂಚನ್ನು ಯಾರ ಹಸು ಎಂಬ ಗುರುತಿಗೆಂದು ಯಾರೋ ಕತ್ತರಿಸಿದ್ದರು. ಕತ್ತರಿಸಿದ ಜಾಗದ ಸುತ್ತ ಉಣ್ಣಿಗಳು ಮಾಗಿದ ದ್ರಾಕ್ಷಿಯಂತೆ ಉಬ್ಬಿ ಕೂತಿದ್ದವು.

"ಇದು ನಿಮ್ಮನೆ ಗುರುತಲ್ವಾ?"

"ನನ್ನ ನಾದಿನಿ ಬಿಬಿಜಮಾಲಳದು. ಅವಳು ಹಾಸಿಗೆ ಹಿಡಿದಾಗ ನಾವೇ ಹಸೂನ ಎಳ್ಕೊಂಡು ಬಂದ್ವಿ. ಸಾಯೋ ದಿನ ಇಲ್ಲಿ ತನಕ ತೆವಳಿಕೊಂಡು ಬಂದ್ಲು. ತನ್ನ ಕೂದಲಲ್ಲಿ ಉಣ್ಣಿ ಸುತ್ತಿ, ಏನೋ ಮಣಮಣ ಅಂದು, ಆ ಗೋಡೆ ಬಿರುಕಿಗೆ ತುರುಕಿದ್ಲು. ಈ ಕಿವೀಲಿ ರಕ್ತ ಹರಿಸಿದವರ ರಕ್ತಕ್ಕೆ ನಾನೇ ಇಳೀತೀನಿ ಅಂದ್ಲು."

ಸರ್ಬಿನಾಜ್ ನಕ್ಕಳು.

"ಹಸು ಕೆಂಪಗೆ ಉಚ್ಚೆ ಹೊಯ್ತಿದೆ, ನೀವು ಸತ್ತೋಳ ಅಪ್ಪಣೆ ಕಾಯ್ತೀರಾ? ರಕ್ತದಲ್ಲಿ ಯಾವ ಹುಳ ಇದೆ ಅಂತ ನೋಡದೆ ಔಷಧಿ ಚುಚ್ಚಿದ್ರೆ ಸಂಜೆಗೆ ಚರ್ಮ ಸುಲೀಬೇಕಾಗುತ್ತೆ." ಆಮೇಲೆ ದನಿ ತಗ್ಗಿಸಿ ಹೇಳಿದಳು, "ಸತ್ತವರು ಯಾರೂ ಬರಲ್ಲ ಅಜ್ಜಿ. ನಾನು ಕಾದು ನೋಡಿದ್ದೀನಿ."

ಅವಳ ಗಂಡ ತೀರಿಹೋದದ್ದು ಚಳಿಗಾಲದಲ್ಲಿ; ಒಡಹುಟ್ಟಿದವರು ಅವಳಿಗೆ ಇರಲಿಲ್ಲ. ತನ್ನನ್ನು ಯಾರೂ ಅರಿಯದ ಊರಿಗೆ ವರ್ಗ ಬೇಕೆಂದು ಕೇಳಿಕೊಂಡು ಇಲ್ಲಿಗೆ ಬಂದಿದ್ದಳು. ಅವಳ ಕೋಣೆಯಲ್ಲಿ ಚಹಾ ಕುಡಿಯುವ ಬಟ್ಟಲು ಒಂದೇ ಇತ್ತು.

ಅಜ್ಜಿಗೂ ಇದ್ದದ್ದು ಇದೊಂದೇ ಹಸು. ಅದರ ಹಾಲು ಮಾರಿದರೆ ಮನೆಗೆ ಹಿಟ್ಟು.

ಊರಾಚೆ ಬತ್ತಿಹೋಗಿದ್ದ ಸಮುದ್ರದ ಕಡೆಯಿಂದ ಉಪ್ಪಿನ ಧೂಳಿನ ಗಾಳಿ ಎದ್ದಿತು. ಮಧ್ಯಾಹ್ನವೇ ಕತ್ತಲು ಕವಿಯಿತು. ಅಜ್ಜಿ ಬಾಗಿಲು ಎಳೆದುಕೊಂಡು ಮನೆಯತ್ತ ಓಡಿದಳು. ಸರ್ಬಿನಾಜ್ ಟಾರ್ಚನ್ನು ಗೂಟಕ್ಕೆ ಸಿಕ್ಕಿಸಿ ಕಿವಿಯ ನರಕ್ಕೆ ಸೂಜಿ ಇಟ್ಟಳು. ಹಸು ತಲೆ ಒದರಿತು. ಸೂಜಿ ಜಾರಿ ಅವಳ ಹೆಬ್ಬೆರಳಿಗೆ ನಾಟಿತು.

ಬೆರಳನ್ನು ಲಂಗಕ್ಕೆ ಒರೆಸಿಕೊಂಡಳು. ಹಸುವಿನ ಕಿವಿಯಲ್ಲಿ ಜಿನುಗಿದ ರಕ್ತದ ಹನಿಯನ್ನು ಗಾಜಿನ ಮೇಲೆ ಹರಡಿ, ಒಣಗಿಸಿ, ಬಣ್ಣ ಹಾಕಿ, ಚೀಲದಲ್ಲಿ ತಂದಿದ್ದ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ರಕ್ತಕಣಗಳ ಒಳಗೆ ಜೋಡಿ ಹನಿಗಳಂಥ ಹುಳುಗಳು. ಅವಳು ಊಹಿಸಿದ್ದು ಅದನ್ನೇ. ಔಷಧಿ ಚುಚ್ಚಿ, ಗೋಡೆಗೊರಗಿ ಕೂತು ಗಾಳಿ ಇಳಿಯಲೆಂದು ಕಾದಳು.

ಮೊದಲು ವಾಸನೆ ಬಂತು. ಸಗಣಿಯದಲ್ಲ, ಉಪ್ಪಿನದಲ್ಲ. ಬಹುದಿನ ತೊಳೆಯದ, ಬೆವೆತ ಹೆಂಗಸಿನ ಕೂದಲಿನ ವಾಸನೆ. ಆಮೇಲೆ ಚಳಿ. ಹಲ್ಲು ಕಟಕಟ ಎಂದವು. ಮೈ ಮುಟ್ಟಿಕೊಂಡರೆ ಕೆಂಡ.

ಹಸುವಿನ ಹುಳ ಮನುಷ್ಯರಿಗೆ ಹೀಗೆ ಹತ್ತುವುದಿಲ್ಲ. ಹತ್ತಿದರೂ ಇಷ್ಟು ಬೇಗ ಅಲ್ಲ. ಅವಳು ಓದಿದವಳು. ತನ್ನ ಹೆಬ್ಬೆರಳನ್ನು ಹಿಂಡಿ, ಇನ್ನೊಂದು ಗಾಜಿಗೆ ಹಚ್ಚಿ, ಬಣ್ಣ ಹಾಕಿ ಕಣ್ಣಿಟ್ಟಳು.

ಜೋಡಿ ಜೋಡಿ. ಎಲ್ಲೆಲ್ಲೂ.

ಒಣಗಿಸಿ ಬಣ್ಣ ಹಾಕಿದ ಹುಳು ಸತ್ತ ಹುಳು. ಅಲ್ಲಾಡಬಾರದು.

ಅಲ್ಲಾಡಿದವು.

ಹಿಂದಿನಿಂದ ನೀರು ಸುರಿದ ಸದ್ದು. ಹಸು ಉಚ್ಚೆ ಹೊಯ್ಯುತ್ತಿತ್ತು. ತಿಳಿಯಾದ, ಹುಲ್ಲಿನ ಬಣ್ಣದ ಉಚ್ಚೆ. ಹಸು ಮೆಲುಕು ಹಾಕತೊಡಗಿತು. ಅದರ ಕಿವಿಯಿಂದ ಉಣ್ಣಿಗಳು ಉದುರಿದವು. ಟಪ್. ಟಪ್. ಗೋಡೆಯ ಬಿರುಕಿನಿಂದ ಇನ್ನಷ್ಟು ಇಳಿದವು, ಒಂದೊಂದರ ಕಾಲಿಗೂ ನರೆಗೂದಲ ಎಳೆ. ಹಸುವಿನ ಗೊರಸುಗಳ ಸುತ್ತು ಹಾಕಿ ಎಲ್ಲವೂ ಅವಳತ್ತ ಓಡಿಬಂದವು.

ಏಳಲು ನೋಡಿದಳು. ಕಾಲು ಏಳಲಿಲ್ಲ. ಕೂಗಿದಳು.

ಬಾಗಿಲು ತೆರೆಯಿತು. ಅಜ್ಜಿ ಲಾಟೀನು ಎತ್ತಿ ಹಸುವನ್ನು ನೋಡಿದಳು, ನೆಲವನ್ನು ನೋಡಿದಳು. ಹಗ್ಗ ಬಿಚ್ಚಿ ಹಸುವನ್ನು ಹೊರಗೆಳೆದಳು.

"ಅಜ್ಜಿ, ಕೈ ಕೊಡಿ!"

"ಮುಟ್ಟಿದ್ರೆ ನನಗೆ ಹತ್ತುತ್ತೆ. ನಾನು ಹೋದ್ರೆ ಇದನ್ನ ಯಾರು ನೋಡ್ತಾರೆ?" ಅಜ್ಜಿ ಅಳುತ್ತಿದ್ದಳು. "ನಿನ್ನೋರು ಯಾರಾದ್ರೂ ಇದ್ರೆ ಹೇಳು ಮಗಳೇ. ಈಗಲೇ ಹೋಗಿ ಕರೀತೀನಿ. ಒಡಹುಟ್ಟಿದೋರು ಬಂದು ಎತ್ತಿದ್ರೆ ಬಿಬಿಜಮಾಲ ಬಿಡ್ತಾಳಂತೆ. ಯಾರಿದಾರೆ?"

ಸರ್ಬಿನಾಜ್ ಬಾಯಿ ತೆರೆದಳು.

ಅಜ್ಜಿ ಕಾದಳು. ಗಾಳಿ ಉಪ್ಪನ್ನು ಒಳಗೆ ಸುರಿಯಿತು. ಒಂದು ಹೆಸರೂ ಬರಲಿಲ್ಲ.

ಆಮೇಲೆ ಬಾಗಿಲು ಮುಚ್ಚಿತು. ಹೊರಗಿನಿಂದ ಅಗುಳಿ ಬಿದ್ದ ಸದ್ದಾಯಿತು.